ಬಿದ್ದ ಆಟಗಾರನ ಬಳಿ ನಿಂತ ಬಳಗ

ಮಕ್ಕಳನ್ನು ಆಟದ ಬಯಲಿಗೆ ಕಳುಹುವ ತಾಯ್ತಂದೆಗಳ ಮನಸ್ಸಿನಲ್ಲಿ ಎರಡು ಭಾವಗಳು ಜೊತೆಯಾಗಿಯೇ ಇರುವುವು. ಆಟದಿಂದ ಮೈ ಗಟ್ಟಿಯಾಗುವುದು, ಮನಸ್ಸಿಗೆ ಧೈರ್ಯ ಬರುವುದು, ಹತ್ತು ಮಂದಿಯೊಡನೆ ಹೊಂದಿ ನಡೆಯುವ ಶಿಕ್ಷಣವು ತಾನಾಗಿಯೇ ದೊರೆಯುವುದು ಎಂಬ ಸಂತೋಷವು ಒಂದು. ಎಲ್ಲಿ ಕೈಕಾಲು ಮುರಿದುಕೊಂಡು ಬರುವರೋ ಎಂಬ ಅಳುಕು ಇನ್ನೊಂದು. ಮುರಿದ ಕೈ ಕೂಡುವುದು, ತರಚಿದ ಮೊಳಕಾಲು ಮಾಯುವುದು. ಆದರೆ ಕೊರಳಿನ ಎಲುಬು ಮುರಿದು ಒಳಗಿನ ಬೆನ್ನುಹುರಿಯೇ ನಲುಗಿದರೆ ಗತಿಯೇನು? ಆಡಿಸಿದವರು, ಜೊತೆಯಲ್ಲಿ ಆಡಿದವರು, ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದವರು ಆ ತರುಣನಿಗೆ ಏನನ್ನು ಸಲ್ಲಿಸಬೇಕು? ರಗ್ಬಿಯೆಂಬ ಆಟವನ್ನಾಡುವ ಜನರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ರಗ್ಬಿಯು ಇಂಗ್ಲೆಂಡಿನಲ್ಲಿ ಹುಟ್ಟಿದ ಆಟ. ಅದೇ ಹೆಸರಿನ ಊರಿನ ಶಾಲೆಯಿಂದ ಅದಕ್ಕೆ ಆ ಹೆಸರು ಬಂದಿತು. ಮೊಟ್ಟೆಯ ಆಕಾರದ ಚೆಂಡು. ಒಂದೊಂದು ಪಕ್ಷಕ್ಕೆ ಹದಿನೈದು ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಎದುರಾಳಿಯು ಅವನನ್ನು ಹಿಡಿದು ಕೆಡಹಬಹುದು. ಇದರಲ್ಲಿ ‘ಸ್ಕ್ರಮ್’ ಎಂಬುದೊಂದು ಕ್ರಮವುಂಟು. ಎರಡೂ ಪಕ್ಷಗಳ ಎಂಟೆಂಟು ಜನರು ಮೂರು ಸಾಲುಗಳಾಗಿ ಒಬ್ಬರನ್ನೊಬ್ಬರು ತಬ್ಬಿ ಬಾಗಿ ನಿಂತು, ಮುಂದಿನ ಸಾಲಿನವರ ತಲೆಗಳನ್ನು ಎದುರಾಳಿಗಳ ತಲೆಗಳ ನಡುವೆ ಸೇರಿಸಿ, ಬಲವೆಲ್ಲವನ್ನೂ ಕೂಡಿಸಿ ನೂಕುವರು. ನುರಿತ ಆಟಗಾರರ ಪಕ್ಷವಾದರೆ ಒಂದು ಕಡೆಯ ಎಂಟು ಮಂದಿಯ ತೂಕವೇ ಎಂಟುನೂರು ಕಿಲೋಗ್ರಾಮಿಗೆ ಮೀರುವುದು. ಆ ಭಾರವೆಲ್ಲವೂ ಮುಂದಿನ ಸಾಲಿನ ಮೂವರ ಹೆಗಲು ಕೊರಳುಗಳ ಮೂಲಕವೇ ಹಾಯಬೇಕು. ಈ ಮಾನವ ಸೇತುವೆಯು ನೆಟ್ಟಗೆ ನಿಂತಿರುವವರೆಗೆ ಭಯವಿಲ್ಲ; ಒಮ್ಮೆಲೇ ಕುಸಿದರೆ ಯಾರದೋ ಒಬ್ಬರ ಕೊರಳು ಅಪಾಯಕ್ಕೆ ಸಿಲುಕುವುದು.

ಕೊರಳಿನಲ್ಲಿ ಏಳು ಕಶೇರುಗಳಿರುವುವು. ಅವುಗಳ ಕೊಳವೆಯೊಳಗೆ ಹಾದುಹೋಗುವ ಬೆನ್ನುಹುರಿಯೇ ಮಿದುಳಿನ ಅಪ್ಪಣೆಗಳನ್ನು ಕೈಕಾಲುಗಳಿಗೆ ಮುಟ್ಟಿಸುವ ರಾಜಮಾರ್ಗ. ಪೆಟ್ಟು ಮೇಲ್ಗಡೆ ಬಿದ್ದಷ್ಟೂ ನಷ್ಟವು ಹೆಚ್ಚು. ಸೊಂಟದ ಮಟ್ಟದಲ್ಲಿ ಬಿದ್ದರೆ ಕಾಲುಗಳು ಹೋಗಬಹುದು. ಕೊರಳಿನಲ್ಲಿ ಬಿದ್ದರೆ ಕೈಗಳೂ ಹೋಗಬಹುದು. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಟವನ್ನು ನಡೆಸುವ ವಪೆಯೆಂಬ ಸ್ನಾಯುವಿಗೆ ಬರುವ ನರಗಳು ಹೊರಡುವುದು ಕೊರಳಿನ ಮೂರು, ನಾಲ್ಕು, ಐದನೆಯ ಮಟ್ಟಗಳಿಂದ. ಅಲ್ಲಿ ಹುರಿಯು ನಲುಗಿದರೆ ಉಸಿರೇ ನಿಂತುಹೋಗುವುದು.

ಮ್ಯಾಟ್ ಹ್ಯಾಂಪ್ಸನ್ ಎಂಬ ಇಪ್ಪತ್ತು ವರ್ಷದ ತರುಣನಿಗೆ ಆದುದು ಇದೇ. ಆತನು ಲೆಸ್ಟರ್ ಟೈಗರ್ಸ್ ಎಂಬ ಹೆಸರುವಾಸಿಯಾದ ಸಂಘದ ಆಟಗಾರ; ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ನಿಲ್ಲುವವನು. ೨೦೦೫ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ಇಪ್ಪತ್ತೊಂದು ವರ್ಷದೊಳಗಿನವರ ಇಂಗ್ಲೆಂಡ್ ತಂಡದೊಡನೆ ನಾರ್ತಾಂಪ್ಟನ್ನಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಸ್ಕ್ರಮ್ಮು ಕುಸಿಯಿತು. ಆತನ ಕೊರಳಿನ ಕಶೇರುಗಳು ಸ್ಥಾನ ತಪ್ಪಿ ಬೆನ್ನುಹುರಿಗೆ ಪೆಟ್ಟಾಯಿತು, ಕೊರಳಿನಿಂದ ಕೆಳಗಣ ದೇಹವು ಸ್ತಬ್ಧವಾಯಿತು, ಉಸಿರು ನಿಂತಿತು.

ಅಂದಿನ ಅಭ್ಯಾಸಕ್ಕೆ ತೀರ್ಪುಗಾರರಾಗಿ ಬಂದಿದ್ದವರು ಟೋನಿ ಸ್ಪ್ರೆಡ್‌ಬರಿ ಎಂಬವರು. ಅವರ ವೃತ್ತಿಯು ಆಂಬ್ಯುಲೆನ್ಸಿನಲ್ಲಿ ಹೋಗಿ ಗಾಯಾಳುಗಳಿಗೆ ತುರ್ತು ಚಿಕಿತ್ಸೆ ಮಾಡುವುದು. ಆದಕಾರಣ ಏನಾಗಿದೆಯೆಂಬುದು ಅವರಿಗೆ ಕೂಡಲೇ ತಿಳಿಯಿತು. ಸ್ಥಳದಲ್ಲಿಯೇ ಉಸಿರಾಟಕ್ಕೆ ನೆರವಾಗಿ ಆ ತರುಣನ ಜೀವವನ್ನು ಉಳಿಸಿದರು. ತಿಳಿದವನೊಬ್ಬನು ಬಳಿಯಲ್ಲಿರುವುದರ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಬೇರೆ ಯಾವುದೂ ತೋರಿಸದು.

ಆ ಬಳಿಕ ಹ್ಯಾಂಪ್ಸನ್ನನನ್ನು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಒಯ್ದರು. ಈ ಆಸ್ಪತ್ರೆಯ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿ ಮುರಿದವರು ಬಹುಕಾಲ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಮೂಲ ಪೆಟ್ಟಿಗಿಂತ ಹೆಚ್ಚಾಗಿ ಹಾಸಿಗೆ ಹುಣ್ಣು, ಮೂತ್ರಕೋಶದ ನಂಜು ಮೊದಲಾದುವು. ೧೯೪೪ರಲ್ಲಿ ಲುಡ್‌ವಿಗ್ ಗುಟ್‌ಮನ್ ಎಂಬ ವೈದ್ಯರು, ಜರ್ಮನಿಯಲ್ಲಿ ಯೆಹೂದ್ಯರಿಗೆ ಒದಗಿದ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರು, ಇಲ್ಲಿ ಒಂದು ವಿಶೇಷ ವಿಭಾಗವನ್ನು ತೆರೆದರು. ಹಗಲಿರುಳೂ ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲನ್ನು ಬದಲಿಸುವುದು ಅವರ ಕಟ್ಟಪ್ಪಣೆ. ಇಷ್ಟು ಸರಳವಾದ ಶುಶ್ರೂಷೆಯಿಂದಲೇ ಅನೇಕ ಜೀವಗಳು ಉಳಿದುವು. ಬದುಕಿದರೆ ಸಾಲದು, ಬಾಳಬೇಕು ಎಂದು ಅವರು ರೋಗಿಗಳನ್ನು ಆಟಕ್ಕೂ ಎಳೆದರು. ೧೯೪೮ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಹದಿನಾರು ಮಂದಿ ಅಲ್ಲಿ ಬಿಲ್ಲುಗಾರಿಕೆಯ ಪಂದ್ಯವನ್ನಾಡಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಬೀಜವು ಅದೇ.

ಹ್ಯಾಂಪ್ಸನ್ನನು ಆಸ್ಪತ್ರೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇರಬೇಕಾಯಿತು. ಮನೆಗೆ ಬಂದುದು ಉಸಿರಾಟದ ಯಂತ್ರದೊಡನೆ. ಇಂಥವನನ್ನು ಸಾಕುವ ಸಂಸಾರದ ಹೊರೆಯು ಎಷ್ಟೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ಬಳಿಯಲ್ಲಿ ಒಬ್ಬರು ಎಚ್ಚತ್ತಿರಬೇಕು. ಯಂತ್ರವು ನಿಂತರೆ ಪ್ರಾಣವು ನಿಲ್ಲುವುದು. ಗಾಲಿಕುರ್ಚಿಯು ಹಾಯುವಂತೆ ಬಾಗಿಲುಗಳನ್ನು ಅಗಲಿಸಬೇಕು, ಮೆಟ್ಟಲುಗಳನ್ನು ತೆಗೆಯಬೇಕು, ಸ್ನಾನದ ಮನೆಯನ್ನು ಬದಲಿಸಬೇಕು, ಕುರ್ಚಿಯೊಡನೆ ಏರಿಸಬಹುದಾದ ವಾಹನವನ್ನು ಕೊಳ್ಳಬೇಕು. ಇದು ಒಂದು ತಿಂಗಳ ಮಾತಲ್ಲ, ಬಾಳಿನ ಉದ್ದಕ್ಕೂ.

ಇಲ್ಲಿ ಬಳಗದ ಪರೀಕ್ಷೆಯು ಮೊದಲಾಗುವುದು. ಅಪಘಾತವಾದ ವಾರದಲ್ಲಿ ಆಸ್ಪತ್ರೆಯ ಬಾಗಿಲಿನಲ್ಲಿ ಜನವು ನೆರೆಯುವುದು ಎಲ್ಲ ದೇಶದಲ್ಲಿಯೂ ಉಂಟು. ಆರನೆಯ ತಿಂಗಳಿನಲ್ಲಿ, ಆರನೆಯ ವರ್ಷದಲ್ಲಿ ಎಷ್ಟು ಮಂದಿ ಬರುವರು ಎಂಬುದೇ ಪ್ರಶ್ನೆ. ಹ್ಯಾಂಪ್ಸನ್ನನ ಹೆಸರಿನಲ್ಲಿ ಗೆಳೆಯರೂ ಹಿತೈಷಿಗಳೂ ಒಂದು ನಿಧಿಯನ್ನು ಕೂಡಿಸಿದರು. ಭೋಜನಕೂಟಗಳಾದುವು, ಸೈಕಲ್ ಯಾತ್ರೆಗಳಾದುವು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಯು ಅಲ್ಲಿಯೂ ನಿಜವಾಯಿತು.

ಆದರೆ ಈ ಕಥೆಯ ಸಾರವು ಇದಕ್ಕೂ ಮುಂದಿರುವುದು. ನೆರವನ್ನು ಪಡೆದವರು ಅದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ೨೦೧೧ರಲ್ಲಿ ಹ್ಯಾಂಪ್ಸನ್ನರು ತಮ್ಮ ಹೆಸರಿನ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಆಟದಲ್ಲಿ ಕಠಿಣವಾದ ಪೆಟ್ಟು ತಿಂದ ಎಳೆಯರಿಗೂ ಅವರ ಮನೆಯವರಿಗೂ ನೆರವಾಗುವುದು ಇದರ ಕೆಲಸ. ಲೆಸ್ಟರ್‌ಷೈರಿನ ಬರೋ ಆನ್ ದಿ ಹಿಲ್ ಎಂಬ ಹಳ್ಳಿಯಲ್ಲಿ ಸಂಸ್ಥೆಯವರು ಒಂದು ಕೇಂದ್ರವನ್ನು ಕಟ್ಟಿದರು. ಅದಕ್ಕೆ ‘ಗೆಟ್ ಬಿಜಿ ಲಿವಿಂಗ್’ ಎಂದು ಹೆಸರು. ಬಾಳುವ ಕೆಲಸಕ್ಕೆ ಕೈಹಚ್ಚು ಎಂಬುದು ಅದರ ತಾತ್ಪರ್ಯ. ಅಲ್ಲಿ ಅಂಗಸಾಧನೆಯುಂಟು, ಚಿಕಿತ್ಸೆಯುಂಟು. ಎಲ್ಲಕ್ಕೂ ಮಿಗಿಲಾಗಿ, ತನ್ನಂತೆಯೇ ಬಿದ್ದು ಎದ್ದವರ ಸಹವಾಸವುಂಟು. ಹಾಸಿಗೆಯಲ್ಲಿ ಮಲಗಿ ಗೋಡೆಯನ್ನು ನೋಡುತ್ತಿರುವ ಹುಡುಗನಿಗೆ ಹತ್ತು ಮಂದಿ ವೈದ್ಯರು ಹೇಳಿದ ಧೈರ್ಯಕ್ಕಿಂತ, ಉಸಿರಿನ ಯಂತ್ರವನ್ನು ಕಟ್ಟಿಕೊಂಡೇ ನಗುತ್ತ ಎದುರು ಬಂದು ನಿಂತವರೊಬ್ಬರ ದರ್ಶನವು ಹೆಚ್ಚು ಬಲವನ್ನು ಕೊಡುವುದೆಂದು ನಾವು ನಂಬುವೆವು.

ದಕ್ಷಿಣ ಆಫ್ರಿಕದಲ್ಲಿ ಈ ಕೆಲಸವು ಇನ್ನೂ ಮುಂಚೆಯೇ ನಡೆಯಿತು. ೧೯೮೦ರಲ್ಲಿ ಬ್ಲೂಮ್‌ಫಾಂಟೇನ್ ನಗರದ ಪಂದ್ಯವೊಂದರಲ್ಲಿ ವೆಸ್ಟರ್ನ್ ಪ್ರಾವಿನ್ಸ್ ತಂಡದ ಕ್ರಿಸ್ ಬರ್ಗರ್ ಎಂಬ ಆಟಗಾರನ ಕೊರಳು ಮುರಿದು ಆತನು ತೀರಿಕೊಂಡನು. ತಂಡದ ನಾಯಕ ಮೊರ್ನೆ ದು ಪ್ಲೆಸಿ ಮತ್ತು ಜೊತೆಗಾರರು ದುಃಖವನ್ನು ಕಣ್ಣೀರಿನಲ್ಲಿ ಮುಗಿಸದೆ ಆತನ ಹೆಸರಿನಲ್ಲಿ ನಿಧಿಯೊಂದನ್ನು ತೆಗೆದರು. ೧೯೮೭ರಲ್ಲಿ ಆಟದಲ್ಲಿಯೇ ಮಡಿದ ಪೆಟ್ರೋ ಜಾಕ್ಸನ್ ಎಂಬ ಆಟಗಾರನ ಹೆಸರೂ ಬಳಿಕ ಅದಕ್ಕೆ ಸೇರಿತು. ಇಂಗ್ಲೆಂಡಿನಲ್ಲಿಯೂ ಆಟದ ಆಡಳಿತ ಮಂಡಲಿಯ ಆಶ್ರಯದಲ್ಲಿ ಗಾಯಾಳು ಆಟಗಾರರ ಪ್ರತಿಷ್ಠಾನವೊಂದುಂಟು. ಹೆಸರಾಂತವರಿಗೆ ನೆರವಾಗುವುದು ಸುಲಭ; ಹೆಸರಿಲ್ಲದ ಹಳ್ಳಿಯ ಆಟಗಾರನಿಗೂ ಅದು ತಲುಪಬೇಕಾದರೆ ಇಂಥ ಶಾಶ್ವತವಾದ ಏರ್ಪಾಡು ಬೇಕು.

ಆದರೂ ಹಣದಿಂದಲೇ ಋಣವು ತೀರದು. ಬಿದ್ದವನನ್ನು ಎತ್ತುವುದು ಒಂದು ಧರ್ಮವಾದರೆ, ಮುಂದೆ ಬರುವವನು ಬೀಳದಂತೆ ದಾರಿಯನ್ನು ಸರಿಮಾಡುವುದು ಇನ್ನೊಂದು. ನ್ಯೂಜಿಲೆಂಡಿನವರು ೨೦೦೧ರಲ್ಲಿ ‘ರಗ್ಬಿಸ್ಮಾರ್ಟ್’ ಎಂಬ ಯೋಜನೆಯನ್ನು ಕೈಗೊಂಡು, ತರಬೇತುಗಾರರಿಗೂ ತೀರ್ಪುಗಾರರಿಗೂ ಸುರಕ್ಷಿತವಾದ ಆಟದ ಪಾಠವನ್ನು ಕಡ್ಡಾಯ ಮಾಡಿದರು. ಹಿಂದಿನ ವರ್ಷಗಳ ಲೆಕ್ಕವನ್ನು ಹಿಡಿದರೆ ೨೦೦೧ರಿಂದ ೨೦೦೫ರವರೆಗೆ ಸುಮಾರು ಹತ್ತೊಂಬತ್ತು ಮಂದಿಗೆ ಬೆನ್ನುಹುರಿಯ ಪೆಟ್ಟು ಆಗಬೇಕಾಗಿದ್ದಿತು. ಆದುದು ಎಂಟು ಮಂದಿಗೆ. ಸ್ಕ್ರಮ್ಮಿನಲ್ಲಿಯೇ ಒಂಬತ್ತು ಆಗಬಹುದೆಂದಿದ್ದಲ್ಲಿ ಆದುದು ಒಂದೇ ಒಂದು. ದಕ್ಷಿಣ ಆಫ್ರಿಕದವರು ೨೦೦೯ರಲ್ಲಿ ‘ಬೋಕ್‌ಸ್ಮಾರ್ಟ್’ ಎಂಬ ಇದೇ ಬಗೆಯ ಶಿಕ್ಷಣವನ್ನು ತೊಡಗಿದರು. ೨೦೧೩ರಲ್ಲಿ ಸ್ಕ್ರಮ್ಮಿನ ನಿಯಮವೇ ಬದಲಾಯಿತು: ಎರಡು ಪಕ್ಷಗಳು ದೂರದಿಂದ ಡಿಕ್ಕಿ ಹೊಡೆಯುವುದನ್ನು ಬಿಟ್ಟು, ಮೊದಲು ಬಾಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಆಮೇಲೆ ಕೂಡಬೇಕು. ಇದರಿಂದ ಡಿಕ್ಕಿಯ ಬಿರುಸು ಕಾಲುಭಾಗದಷ್ಟು ತಗ್ಗಿತೆಂದು ಪ್ರಯೋಗಗಳು ತೋರಿಸಿದುವು.

ಪೆಟ್ಟು ತಿಂದವರು ಆಟವನ್ನೇ ಬಿಡಬೇಕೆಂಬುದೂ ಇಲ್ಲ. ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಕೈಕಾಲುಗಳೆರಡೂ ದುರ್ಬಲವಾದ ಕೆಲವರು ೧೯೭೦ರ ದಶಕದ ನಡುವೆ ಗಾಲಿಕುರ್ಚಿಯ ರಗ್ಬಿಯನ್ನು ಕಲ್ಪಿಸಿದರು. ಕಡೆಗೆ ನಾಲ್ವರಂತೆ ಆಡುವ ಈ ಆಟವು ೨೦೦೦ದ ಸಿಡ್ನಿ ಪ್ಯಾರಾಲಿಂಪಿಕ್‌ನಲ್ಲಿ ಪದಕದ ಆಟವಾಯಿತು. ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡಬಹುದು; ಕುರ್ಚಿಗೆ ಕುರ್ಚಿಯು ಡಿಕ್ಕಿ ಹೊಡೆಯುವ ಸದ್ದನ್ನು ಕೇಳಿದವರು ಆಟಗಾರರ ಮೇಲೆ ಮರುಕಪಡುವುದನ್ನು ಮರೆಯುವರು.

ರಗ್ಬಿಯು ನಮ್ಮ ಊರುಗಳ ಆಟವಲ್ಲವಾದರೂ ಬೆನ್ನುಹುರಿಯ ಪೆಟ್ಟು ನಮಗೆ ಹೊಸದಲ್ಲ. ಅಡಕೆಯ ಮರದಿಂದ, ತೆಂಗಿನ ಮರದಿಂದ, ಕಟ್ಟುವ ಮನೆಯ ಸಾರುವೆಯಿಂದ ಬಿದ್ದವರು ನಮ್ಮ ನಡುವೆಯೂ ಇರುವರು. ಅಂಥವರನ್ನು ಕಂಡೊಡನೆ ಗಾಬರಿಯಿಂದ ಕೈಕಾಲು ಹಿಡಿದೆತ್ತುವುದು, ಕೂರಿಸಿ ನೀರು ಕುಡಿಸುವುದು ಸಲ್ಲದು. ಉಸಿರಾಡುತ್ತಿರುವರೋ ಎಂದು ಮೊದಲು ನೋಡಬೇಕು. ತಲೆ ಕೊರಳುಗಳನ್ನು ಅಲುಗದಂತೆ ಹಿಡಿದಿಟ್ಟು, ಆಂಬ್ಯುಲೆನ್ಸಿಗೆ ಹೇಳಿಕಳುಹಿ, ನುರಿತವರು ಬರುವವರೆಗೆ ಕಾಯಬೇಕು. ಸರಿಸಲೇಬೇಕಾದರೆ ನಾಲ್ಕಾರು ಮಂದಿ ಕೂಡಿ, ತಲೆ, ಕೊರಳು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಲಗೆಯ ಮೇಲೆ ಸಾಗಿಸಬೇಕು. ಮನೆಯವರೆಲ್ಲರೂ ಇದನ್ನು ತಿಳಿದಿರುವುದು ಲೇಸು.

ಆಮೇಲಿನ ಕರ್ತವ್ಯವು ಇನ್ನೂ ದೀರ್ಘವಾದುದು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬ ಮಾತು ಲೋಕದಲ್ಲಿ ನಡೆಯುತ್ತಿದೆ. ಆಳಿಗೊಂದು ಕೈಯೆಂಬುದೂ ನಡೆಯಬಲ್ಲುದೆಂಬುದಕ್ಕೆ ರಗ್ಬಿಯ ಬಳಗವು ಸಾಕ್ಷಿ. ಹಬ್ಬದ ದಿನ ಹಣ್ಣು ಕೊಟ್ಟು ಬರುವುದರಲ್ಲಿ ನೆರೆಹೊರೆಯ ಋಣವು ಮುಗಿಯದು. ಯಾವ ಮನೆಯಲ್ಲಿ ಒಬ್ಬರು ಮಂಚ ಹಿಡಿದಿರುವರೋ ಆ ಮನೆಯ ತಾಯಿಗೆ ವಾರದಲ್ಲಿ ಒಂದು ರಾತ್ರಿಯ ನಿದ್ರೆಯನ್ನು ದೊರಕಿಸಿಕೊಡುವುದು, ಬಾಗಿಲಿನ ಮೆಟ್ಟಲಿಗೆ ಇಳಿಜಾರೊಂದನ್ನು ಕಟ್ಟಿಸುವುದು, ಮಲಗಿರುವವರೊಡನೆ ಒಂದು ಗಂಟೆ ಕುಳಿತು ಲೋಕದ ಸುದ್ದಿಯನ್ನು ಮಾತಾಡುವುದು, ಇವು ಯಾರಿಂದಲಾದರೂ ಆಗಬಹುದಾದ ಕೆಲಸಗಳು. ಮೊದಲನೆಯ ವಾರ ಬಂದವರು ಹತ್ತನೆಯ ವರ್ಷವೂ ಬರುವಂತಾದರೆ ಅದೇ ನಿಜವಾದ ಬಂಧುತ್ವವೆಂದು ನಮ್ಮ ಅಭಿಪ್ರಾಯ.