ನಿಮಗಿದು ಗೊತ್ತೇ? ಗಾಡಿ ನಿಲ್ಲಿಸುವ ಜಾಗದ ಕಾನೂನು

ಕಟ್ಟಡ ಕಟ್ಟುವವರು ತಮ್ಮ ಜಾಗದಲ್ಲೇ ಇಂತಿಷ್ಟು ಗಾಡಿಗಳಿಗೆ ನೆಲೆ ಬಿಡಲೇಬೇಕು ಎಂಬ ನಿಯಮಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರ 1923ರಲ್ಲಿ ಅಪಾರ್ಟ್‌ಮೆಂಟ್‌ಗಳಿಗೆ ಈ ನಿಯಮ ತಂದಿತು. 1939ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರ ಹೋಟೆಲು, ಆಸ್ಪತ್ರೆಗಳಿಗೂ ಇಂಥದೇ ಷರತ್ತು ಹಾಕಿತು. ಎರಡನೇ ಮಹಾಯುದ್ಧ ಮುಗಿದು ಮಧ್ಯಮವರ್ಗದ ಮನೆಗಳಿಗೂ ಕಾರು ಬಂದ ಮೇಲೆ ಅದು ಅಮೆರಿಕದ ಊರೂರಿಗೂ ಹಬ್ಬಿತು. ನಮ್ಮ ಪಾಲಿಕೆಗೆ ಮಂಜೂರಾತಿಗೆ ಕೊಡುವ ನಕ್ಷೆಯಲ್ಲಿ ಪಾರ್ಕಿಂಗ್ ಲೆಕ್ಕ ಇರಲೇಬೇಕಲ್ಲ, ಅದೂ ಇದೇ ಬಳ್ಳಿಯ ಕುಡಿ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಒಕ್ಲಹೋಮ ಸಿಟಿಯಲ್ಲಿ ಅಂಗಡಿ, ಕಚೇರಿಗಳ ನೌಕರರು ಬೆಳಗ್ಗೆ ರಸ್ತೆ ಬದಿ ನಿಲ್ಲಿಸಿದ ಕಾರನ್ನು ಸಂಜೆಯವರೆಗೂ ತೆಗೆಯುತ್ತಿರಲಿಲ್ಲ, ಗಿರಾಕಿಗಳಿಗೆ ಜಾಗವೇ ಸಿಗುತ್ತಿರಲಿಲ್ಲ. ಅಲ್ಲಿನ ಪತ್ರಿಕಾ ಸಂಪಾದಕ ಕಾರ್ಲ್ ಮ್ಯಾಗಿ ಕಾಸು ಹಾಕಿದರೆ ಹೊತ್ತು ಅಳೆಯುವ ಯಂತ್ರದ ಯೋಚನೆ ಮುಂದಿಟ್ಟರು. 1935ರ ಜುಲೈ 16ರಂದು ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ಅಲ್ಲಿ ನಿಂತಿತು. ದರ ಗಂಟೆಗೆ 5 ಸೆಂಟ್. ರಸ್ತೆಯ ಜಾಗಕ್ಕೆ ಬೆಲೆ ಕಟ್ಟುವುದು ಒಂದು ದಾರಿ, ಕಟ್ಟಡದ ಮಾಲೀಕರ ತಲೆಗೆ ಹೊರೆ ಕಟ್ಟುವುದು ಇನ್ನೊಂದು. ಹೆಚ್ಚಿನ ನಗರಗಳು ಎರಡನೆಯದನ್ನೇ ನೆಚ್ಚಿಕೊಂಡವು. ಆ ಆಯ್ಕೆಯ ಫಲವನ್ನು ನಗರಗಳು ಈಗಲೂ ಉಣ್ಣುತ್ತಿವೆ ಎಂಬುದು ನನ್ನ ನಂಬಿಕೆ.

ಒಂದು ಕಾರಿಗೆ ಎಷ್ಟು ಜಾಗ ಬೇಕು? ಅಮೆರಿಕದ ಎಷ್ಟೋ ನಗರಗಳಲ್ಲಿ ಒಂದು ಅಂಕಣಕ್ಕೆ 9 ಅಡಿ ಅಗಲ, 18 ಅಡಿ ಉದ್ದ. ಅಂದರೆ 162 ಚದರ ಅಡಿ. ಆದರೆ ಕಾರು ಆಕಾಶದಿಂದ ಇಳಿದು ಅಲ್ಲಿ ಕೂರುವುದಿಲ್ಲ. ನೇರವಾಗಿ, 90 ಡಿಗ್ರಿಯಲ್ಲಿ ನಿಲ್ಲಿಸುವ ಎರಡು ಸಾಲುಗಳ ನಡುವೆ ಹೋಗಿಬರಲು ಸುಮಾರು 24 ಅಡಿಯ ಓಣಿ ಬೇಕು. ಆ ಓಣಿಯಲ್ಲಿ ಪ್ರತಿ ಕಾರಿನ ಪಾಲು ಸೇರಿಸಿದರೆ ಲೆಕ್ಕ 270 ಚದರ ಅಡಿಗೆ ಏರುತ್ತದೆ. ತಿರುವು, ಪ್ರವೇಶದ್ವಾರ, ಗಿಡಮರದ ಪಟ್ಟಿ ಎಲ್ಲ ಸೇರಿದರೆ 300 ದಾಟುವುದು ಸಾಮಾನ್ಯ. ಕಚೇರಿಗೆ ಪ್ರತಿ 1,000 ಚದರ ಅಡಿಗೆ 4 ಕಾರಿನ ಜಾಗ ಎಂದು ನಿಯಮ ಇದ್ದರೆ, ಜನ ಕೂತು ಕೆಲಸ ಮಾಡುವ ಜಾಗಕ್ಕಿಂತ ಅವರ ಕಾರು ಸುಮ್ಮನೆ ನಿಲ್ಲುವ ಜಾಗವೇ ದೊಡ್ಡದಾಯಿತು.

ಓರೆಯಾಗಿ, 45 ಅಥವಾ 60 ಡಿಗ್ರಿಯಲ್ಲಿ ನಿಲ್ಲಿಸಿದರೆ ಕಿರಿದಾದ ಓಣಿ ಸಾಕು, ಆದರೆ ಸಂಚಾರ ಒಂದೇ ದಿಕ್ಕಿನಲ್ಲಿರಬೇಕು.

ನಮ್ಮಲ್ಲಿ ಕಾರಿನ ಅಂಕಣಕ್ಕೆ ಸಾಮಾನ್ಯವಾಗಿ 2.5 ಮೀಟರ್ ಅಗಲ, 5ರಿಂದ 5.5 ಮೀಟರ್ ಉದ್ದ ಎಂಬ ಲೆಕ್ಕ. ಓಣಿ, ರ‍್ಯಾಂಪ್ ಎಲ್ಲ ಸೇರಿಸಿದ ಲೆಕ್ಕವೂ ಇದೆ. ದೆಹಲಿಯ ಮಾಸ್ಟರ್ ಪ್ಲಾನ್ 2021ರ ಪ್ರಕಾರ ಒಂದು ಕಾರಿಗೆ ಬಯಲಿನಲ್ಲಿ 23 ಚದರ ಮೀಟರ್, ನೆಲಮಟ್ಟದ ಸೂರಿನಡಿ 28, ಬೇಸ್‌ಮೆಂಟ್‌ನಲ್ಲಿ 32. ಕೆಳಗಿಳಿದಷ್ಟೂ ಜಾಗ ಹೆಚ್ಚು ಬೇಕು, ಯಾಕೆಂದರೆ ರ‍್ಯಾಂಪು ತಿನ್ನುತ್ತದೆ, ಕಂಬಗಳು ತಿನ್ನುತ್ತವೆ.

ಈ 28 ಚದರ ಮೀಟರನ್ನು ಬೆಂಗಳೂರಿನ ಒಂದು 30×40 ಅಡಿಯ ಸೈಟಿನ ಮೇಲೆ ಇಟ್ಟು ನೋಡಿ. 28 ಚದರ ಮೀಟರ್ ಎಂದರೆ ಸುಮಾರು 300 ಚದರ ಅಡಿ. ಸೈಟು ಇರುವುದೇ 1,200 ಚದರ ಅಡಿ. ಸೆಟ್‌ಬ್ಯಾಕ್ ಬಿಡದೆ, ಮೆಟ್ಟಿಲು, ಲಿಫ್ಟು, ಸಂಪು, ಮೀಟರ್ ಬೋರ್ಡಿಗೆ ಒಂದಿಂಚೂ ಕೊಡದೆ ಲೆಕ್ಕ ಹಾಕಿದರೂ ನಾಲ್ಕು ಕಾರು, ಅಷ್ಟೇ. ಅದೇ ಸೈಟಿನ ಮೇಲೆ ಬಾಡಿಗೆಗೆಂದು ಏಳೆಂಟು ಮನೆ ಎದ್ದರೆ ಉಳಿದ ಕಾರುಗಳು ಎಲ್ಲಿಗೆ ಹೋಗಬೇಕು? ಎದುರುಮನೆಯವರ ಗೇಟಿಗೆ ಅಡ್ಡವಾಗಿ ನಿಲ್ಲುತ್ತವೆ. ಮೂಲೆಯ ತಿರುವಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ಕಟ್ಟುತ್ತವೆ.

ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ಅದರಡಿ ಗಾಡಿ ನಿಲ್ಲಿಸುವ ಸ್ಟಿಲ್ಟ್ ಪಾರ್ಕಿಂಗಿನ ಬಗ್ಗೆ ಇದು ಗೊತ್ತೇ? ಗಾಡಿ ನಿಲ್ಲಿಸಲೆಂದು ಬಿಟ್ಟ ಅಂತಸ್ತನ್ನು ಸಾಮಾನ್ಯವಾಗಿ ಎಫ್‌ಎಆರ್ ಲೆಕ್ಕಕ್ಕೆ, ಅಂದರೆ ಸೈಟಿನ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದೆಂಬ ಮಿತಿಗೆ, ಸೇರಿಸುವುದಿಲ್ಲ. ಗಾಡಿ ರಸ್ತೆಗೆ ಬರದಿರಲಿ ಎಂದು ಊರು ಮಾಲೀಕನಿಗೆ ಕೊಟ್ಟ ರಿಯಾಯಿತಿ ಅದು. ಮಂಜೂರಾತಿ ಸಿಕ್ಕ ಮೇಲೆ ಅದೇ ಸ್ಟಿಲ್ಟಿಗೆ ಗೋಡೆ ಎತ್ತಿ, ಷಟರ್ ಹಾಕಿ ಅಂಗಡಿ ಮಾಡಿದರೆ ಬಿಟ್ಟಿಯಾಗಿ ಒಂದು ಅಂತಸ್ತು ದಕ್ಕಿದಂತಾಯಿತು. ಕಾರುಗಳು ರಸ್ತೆಗೆ ಬಂದವು, ಅಂಗಡಿಯ ಗಿರಾಕಿಗಳ ಗಾಡಿಗಳೂ ರಸ್ತೆಗೇ ಬಂದವು. ಇದನ್ನು ಸಣ್ಣಪುಟ್ಟ ಉಲ್ಲಂಘನೆ ಎಂದು ನೋಡುವುದು ತಪ್ಪು. ಇದು ಬೀದಿಯವರೆಲ್ಲರ ಜಾಗವನ್ನು ಕಸಿದುಕೊಂಡ ಹಾಗೆ.

ಪಾರ್ಕಿಂಗ್ ನಿಯಮ ಜಾಗದ ಮಾತಷ್ಟೇ ಅಲ್ಲ, ಸುರಕ್ಷತೆಯ ಮಾತೂ ಹೌದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಮಂದಿ ಸತ್ತರು. ಕಿಡಿ ಹೊತ್ತಿದ್ದು ಪರದೆಯ ಬಳಿಯಲ್ಲ, ನೆಲ ಅಂತಸ್ತಿನ ಪಾರ್ಕಿಂಗಿಗೆ ಹೊಂದಿಕೊಂಡ ಟ್ರಾನ್ಸ್‌ಫಾರ್ಮರ್ ಕೋಣೆಯಲ್ಲಿ. ಸೋರಿದ ಎಣ್ಣೆಗೆ ಹತ್ತಿದ ಬೆಂಕಿ ಹತ್ತಿರದಲ್ಲಿ ನಿಂತಿದ್ದ ಕಾರುಗಳಿಗೆ ಹರಡಿತು. ಹೊಗೆ ಮೆಟ್ಟಿಲ ದಾರಿಯಲ್ಲಿ ಮೇಲೇರಿ ಬಾಲ್ಕನಿಯಲ್ಲಿದ್ದವರನ್ನು ಮುತ್ತಿತು. ಪಾರ್ಕಿಂಗ್ ಎಲ್ಲಿರಬೇಕು, ಅದರ ಪಕ್ಕ ಏನಿರಬಾರದು, ಎಷ್ಟು ಅಂತರ ಬಿಡಬೇಕು ಎಂದು ನಿಯಮ ಹೇಳುವುದು ಜೀವ ಉಳಿಸಲು.

ಅಮೆರಿಕದಲ್ಲಿ ಬಹುಪಾಲು ಕಡೆ ಜಾರಿಯಲ್ಲಿರುವ ಅಗ್ನಿಸುರಕ್ಷತಾ ಸಂಹಿತೆಯ ಪ್ರಕಾರ ಅಗ್ನಿಶಾಮಕ ವಾಹನದ ದಾರಿ ಕನಿಷ್ಠ 20 ಅಡಿ ಅಗಲವಿರಬೇಕು. ಆ ದಾರಿಯಲ್ಲಿ ಒಂದೇ ಒಂದು ಕಾರು ನಿಂತರೂ ಅದು ತಪ್ಪು.

ಇನ್ನು ಅಂಗವಿಕಲರ ಜಾಗ. ನೀಲಿ ಬಣ್ಣ, ಗಾಲಿಕುರ್ಚಿಯ ಚಿತ್ರ ಎಲ್ಲರೂ ನೋಡಿರುತ್ತೀರಿ. ಅದರ ಪಕ್ಕದಲ್ಲಿ ಓರೆಗೆರೆ ಎಳೆದು ಖಾಲಿ ಬಿಟ್ಟ ಪಟ್ಟಿ ಯಾಕಿದೆ ಗೊತ್ತೇ? ಕಾರಿನ ಬಾಗಿಲು ಪೂರ್ತಿ ತೆರೆದು, ಗಾಲಿಕುರ್ಚಿ ಕೆಳಗಿಳಿಸಿ, ಸೀಟಿನಿಂದ ಅದಕ್ಕೆ ಸರಿದು ಕೂರಲು ಜಾಗ ಬೇಕು. ಅದಕ್ಕೇ ಅಮೆರಿಕದ ನಿಯಮದಲ್ಲಿ 8 ಅಡಿಯ ಅಂಕಣಕ್ಕೆ 5 ಅಡಿಯ ಪಟ್ಟಿ ಸೇರಿಕೊಂಡಿದೆ. ನೆಲದ ಇಳಿಜಾರು 48 ಅಡಿಗೆ ಒಂದು ಅಡಿಗಿಂತ ಹೆಚ್ಚಿರುವಂತಿಲ್ಲ. ಮಳೆನೀರು ನಿಲ್ಲದೆ ಹರಿಯಲು ಅಷ್ಟು ಸಾಕು, ಹೆಚ್ಚಾದರೆ ಕುರ್ಚಿ ತಾನಾಗಿ ಉರುಳುತ್ತದೆ. ಫಲಕ ನೆಲದಿಂದ 5 ಅಡಿ ಎತ್ತರದಲ್ಲಿರಬೇಕು, ಏಕೆಂದರೆ ನೆಲದ ಮೇಲಿನ ಚಿತ್ರ ಕಾರು ನಿಂತ ತಕ್ಷಣ ಮುಚ್ಚಿಹೋಗುತ್ತದೆ. 25 ಕಾರಿನವರೆಗೆ ಇಂಥ ಒಂದು ಜಾಗ, 50ರವರೆಗೆ ಎರಡು, 100ರವರೆಗೆ ನಾಲ್ಕು.

ಭಾರತದ ಮಾರ್ಗಸೂಚಿಯೂ ಇದನ್ನು ಮರೆತಿಲ್ಲ. ಅಂಗವಿಕಲರ ಕಾರಿಗೆ 3.6 ಮೀಟರ್ ಅಗಲ ಬಿಡಬೇಕು, ಅದು ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗಿರಬೇಕು ಎನ್ನುತ್ತದೆ. ಕಾಗದದಲ್ಲಿ ಚೆನ್ನಾಗಿದೆ. ಆದರೆ ಎಷ್ಟೋ ಮಾಲ್, ಆಸ್ಪತ್ರೆಗಳಲ್ಲಿ ಆ ಪಟ್ಟಿಯ ಮೇಲೆ ಸೆಕ್ಯುರಿಟಿಯವರ ಕುರ್ಚಿಯೋ ಸಾಲು ಸ್ಕೂಟರುಗಳೋ ಇರುತ್ತವೆ. ಕಾರಿನಲ್ಲಿ ಬಂದವರು ಬಾಗಿಲು ತೆರೆಯಲಾಗದೆ ಒಳಗೇ ಕೂತಿರಬೇಕಾಗುತ್ತದೆ. ಪಾರ್ಕಿಂಗ್ ನಿಯಮಗಳಲ್ಲಿ ಯಾವ ರಿಯಾಯಿತಿಯೂ ಇಲ್ಲದೆ ಪಾಲಿಸಬೇಕಾದದ್ದು ಒಂದಿದ್ದರೆ ಅದು ಇದೇ.

ಇನ್ನು ಕೆಲವು ನಿಯಮಗಳು ವಿಚಿತ್ರ. ಕಾನ್ವೆಂಟಿನಲ್ಲಿ ವಾಸಿಸುವ ಹತ್ತು ಸನ್ಯಾಸಿನಿಯರಿಗೆ ಒಂದು ಕಾರಿನ ಜಾಗ. ಈಜುಕೊಳದಲ್ಲಿ 2,500 ಗ್ಯಾಲನ್ ನೀರಿಗೆ ಒಂದು. ಇವು ಅಮೆರಿಕದ ನಗರಗಳ ಕಾನೂನು ಪುಸ್ತಕಗಳಿಂದ ಲಾಸ್ ಏಂಜಲಿಸ್‌ನ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಎತ್ತಿ ತೋರಿಸಿದ ಉದಾಹರಣೆಗಳು. ಬಿಟ್ಟಿ ಪಾರ್ಕಿಂಗಿಗೆ ಸಮಾಜ ತೆರುವ ಬೆಲೆ ಎಷ್ಟು ಎಂದು ಅವರು 2005ರಲ್ಲಿ ದಪ್ಪ ಪುಸ್ತಕವನ್ನೇ ಬರೆದರು. 2025ರಲ್ಲಿ ತೀರಿಕೊಂಡರು.

ಈ ಸಂಖ್ಯೆಗಳೆಲ್ಲ ಎಲ್ಲಿಂದ ಬಂದವು ಎಂದು ಶೂಪ್ ಬೆನ್ನು ಹತ್ತಿದರು. ಸಾರಿಗೆ ಎಂಜಿನಿಯರುಗಳ ಕೈಪಿಡಿಯೊಂದರಲ್ಲಿ ಫಾಸ್ಟ್‌ಫುಡ್ ಹೋಟೆಲಿಗೆ 1,000 ಚದರ ಅಡಿಗೆ 9.95 ಕಾರು ಎಂದಿತ್ತು. ದಶಾಂಶ ಎರಡು ಸ್ಥಾನದವರೆಗೂ ಖಚಿತ! ಅದರ ಹಿಂದಿದ್ದದ್ದು 18 ಹೋಟೆಲುಗಳ ಎಣಿಕೆ. ಆ ಎಣಿಕೆಯಲ್ಲಿ ಹೋಟೆಲಿನ ಗಾತ್ರಕ್ಕೂ ಕಾರುಗಳ ಸಂಖ್ಯೆಗೂ ನಂಟೇ ಕಾಣುತ್ತಿರಲಿಲ್ಲ. ಇಂಥ ಅಧ್ಯಯನಗಳು ಹೆಚ್ಚಾಗಿ ನಡೆದದ್ದು ಬಸ್ಸು ಕಡಿಮೆ, ಪಾರ್ಕಿಂಗ್ ಬಿಟ್ಟಿ ಇರುವ ಹೊರವಲಯಗಳಲ್ಲಿ. ಅಲ್ಲಿನ ದಟ್ಟಣೆಯ ಹೊತ್ತಿನ ಸಂಖ್ಯೆಯೇ ಊರೊಳಗಿನ ಕಟ್ಟಡಗಳಿಗೂ ಕಾನೂನಾಯಿತು.

ಲಾಸ್ ಏಂಜಲಿಸ್‌ನ ವಾಲ್ಟ್ ಡಿಸ್ನಿ ಸಂಗೀತ ಮಂದಿರದ ಕತೆ ಕೇಳಿ. ಮೊದಲು ಎದ್ದದ್ದು ಮಂದಿರವಲ್ಲ, ಅದರಡಿಯ 2,188 ಕಾರುಗಳ ಆರಂತಸ್ತಿನ ಪಾರ್ಕಿಂಗ್. ಅದಕ್ಕೆ ಸುಮಾರು 11 ಕೋಟಿ ಡಾಲರ್ ಖರ್ಚಾಗಿ 1996ರಲ್ಲಿ ಸಿದ್ಧವಾಯಿತು. ಹಾಡು ಕೇಳುವ ಮಂದಿರ ತೆರೆದದ್ದು 2003ರಲ್ಲಿ. ಪಾರ್ಕಿಂಗಿನ ಸಾಲ ತೀರಬೇಕಲ್ಲ? ವರ್ಷಕ್ಕೆ ಕನಿಷ್ಠ 128 ಸಂಗೀತ ಕಛೇರಿ ನಡೆಸಲೇಬೇಕೆಂಬ ಷರತ್ತು ಗುತ್ತಿಗೆ ಪತ್ರದಲ್ಲೇ ಸೇರಿತು. ಕೇಳುಗರು ಕಾರಿನಿಂದ ಲಿಫ್ಟಿನಲ್ಲಿ ಮೇಲೆ ಬಂದು, ಕಛೇರಿ ಕೇಳಿ, ಹಾಗೆಯೇ ಕೆಳಗಿಳಿದು ಹೋಗಬಹುದು. ಬೀದಿಯ ಹೋಟೆಲಿಗೆ, ಪುಸ್ತಕದಂಗಡಿಗೆ ಕಾಲಿಡಬೇಕಾದ ಪ್ರಮೇಯವೇ ಇಲ್ಲ.

ಅದೇ ಊರು 1999ರಲ್ಲಿ ಹಳೆಯ ಕಚೇರಿ ಕಟ್ಟಡಗಳನ್ನು ಮನೆಗಳಾಗಿ ಮಾಡುವವರಿಗೆ ಹೊಸ ಪಾರ್ಕಿಂಗ್ ಕಟ್ಟುವ ಹೊರೆ ಇಳಿಸಿತು. ಪಾಳುಬಿದ್ದಿದ್ದ ನಡುಪಟ್ಟಣದ ಕಟ್ಟಡಗಳಲ್ಲಿ ಸಾವಿರಾರು ಮನೆಗಳಾದವು.

ಎಲ್ಲಿ ಏನು ಕಟ್ಟಬಹುದೆಂದು ಹೇಳುವ ಝೋನಿಂಗ್ ಕಾನೂನೇ ಇಲ್ಲದ ದೊಡ್ಡ ನಗರ ಎಂದು ಹೆಸರಾದ ಅಮೆರಿಕದ ಹ್ಯೂಸ್ಟನ್‌ನಲ್ಲೂ ಪಾರ್ಕಿಂಗ್ ಎಷ್ಟಿರಬೇಕೆಂಬ ನಿಯಮ ಇದೆ.



ಜಪಾನಿನಲ್ಲಿ ಕಾರು ಕೊಳ್ಳಲು ಹಣವಿದ್ದರೆ ಸಾಲದು, ನಿಲ್ಲಿಸಲು ಜಾಗವಿದೆ ಎಂದು ತೋರಿಸಬೇಕು. 1962ರ ಕಾನೂನು ಅದು. ಮನೆಯಿಂದ 2 ಕಿಲೋಮೀಟರ್ ಒಳಗೆ, ರಸ್ತೆಯ ಹೊರಗೆ ಜಾಗ ಇರಬೇಕು. ಪೊಲೀಸರು ಪ್ರಮಾಣಪತ್ರ ಕೊಟ್ಟ ಮೇಲೆಯೇ ನೋಂದಣಿ. ಪುಟ್ಟ ಕಾರುಗಳಿಗೆ ಕೆಲವೆಡೆ ಸಡಿಲಿಕೆ ಇದೆ. ಹೊಣೆ ಕಟ್ಟಡದವರ ಮೇಲಲ್ಲ, ಕಾರಿನವರ ಮೇಲೆ. ಟೋಕಿಯೊದ ಕಿರುಬೀದಿಗಳಲ್ಲಿ ಮಕ್ಕಳು ಒಂಟಿಯಾಗಿ ಶಾಲೆಗೆ ನಡೆದು ಹೋಗುವಷ್ಟು ರಸ್ತೆ ತೆರವಾಗಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಊರುಗಳಿಗೆ ಹೊಂದುವ ನಿಯಮ ಯಾವುದೆಂದು ಕೇಳಿದರೆ ನನ್ನ ಮತ ಇದಕ್ಕೇ.

ಈಗ ಗಾಳಿ ತಿರುಗಿದೆ. ಲಂಡನ್ 2004ರಲ್ಲಿ ಕಟ್ಟಡಕ್ಕೆ ಕನಿಷ್ಠ ಇಷ್ಟು ಪಾರ್ಕಿಂಗ್ ಇರಲೇಬೇಕೆಂಬ ನಿಯಮ ಬಿಟ್ಟು ಗರಿಷ್ಠ ಮಿತಿ ಹಾಕಿತು. 2017ರಲ್ಲಿ ಮೆಕ್ಸಿಕೊ ಸಿಟಿಯೂ ಅದೇ ಹಾದಿ ಹಿಡಿಯಿತು, ಅದೇ ವರ್ಷ ಅಮೆರಿಕದ ಬಫಲೊ ಊರಿಡೀ ಕನಿಷ್ಠದ ನಿಯಮ ಕೈಬಿಟ್ಟಿತು. 2022ರಲ್ಲಿ ಸ್ಯಾನ್ ಹೊಸೆ, 2023ರಲ್ಲಿ ಆಸ್ಟಿನ್. ಜ್ಯೂರಿಕ್ ಇನ್ನೂ ಮುಂಚೆಯೇ, 1996ರಲ್ಲಿ, ನಡುಪಟ್ಟಣದ ಪಾರ್ಕಿಂಗ್ 1990ರ ಮಟ್ಟ ಮೀರಬಾರದೆಂದು ಗೆರೆ ಎಳೆದಿತ್ತು. ಆದರೆ ಲಂಡನ್, ಜ್ಯೂರಿಕ್‌ಗಳಲ್ಲಿ ಕಾರು ಬಿಟ್ಟವರಿಗೆ ರೈಲು, ಬಸ್ಸು, ಟ್ರಾಮು ಇವೆ. ಅದನ್ನು ಒದಗಿಸದೆ ನಿಯಮವನ್ನು ಮಾತ್ರ ಎರವಲು ತಂದರೆ ಕಾರುಗಳು ಫುಟ್‌ಪಾತ್ ಹತ್ತುತ್ತವೆ.

ಡಾಂಬರಿನ ಬಯಲು ಬೇಸಿಗೆಯಲ್ಲಿ ಕಾದ ಕಾವಲಿಯಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ 1983ರಲ್ಲೇ ಇದಕ್ಕೊಂದು ನಿಯಮ ತಂದಿತು: ಪಾರ್ಕಿಂಗ್ ಬಯಲಿನ ಅರ್ಧ ಭಾಗಕ್ಕೆ 15 ವರ್ಷದೊಳಗೆ ಮರದ ನೆರಳು ಬರಬೇಕು. ಫ್ರಾನ್ಸಿನ 2023ರ ಕಾನೂನು 1,500 ಚದರ ಮೀಟರಿಗಿಂತ ದೊಡ್ಡ ಬಯಲುಗಳ ಅರ್ಧಕ್ಕೆ ಸೌರಫಲಕದ ಚಪ್ಪರ ಹಾಕಬೇಕೆನ್ನುತ್ತದೆ. ಹೊಂಗೆ, ಬೇವು ತಾವಾಗಿ ಬೆಳೆಯುವ ನಮ್ಮ ನೆಲದಲ್ಲಿ ಮಾಲುಗಳ ಪಾರ್ಕಿಂಗ್ ಬಯಲು ಬೋಳಾಗಿರಬೇಕಾದ ಕಾರಣವೇ ಇಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಕಟ್ಟಡ ಉಪವಿಧಿಗಳನ್ನು ತಿದ್ದಿ, ಪಾರ್ಕಿಂಗಿನ ಶೇ. 20ರಷ್ಟು ಜಾಗ ವಿದ್ಯುತ್ ವಾಹನಗಳ ಚಾರ್ಜಿಂಗಿಗೆ ಸಜ್ಜಾಗಿರಬೇಕು ಎಂದಿತು.

ಕೊನೆಯದಾಗಿ, ಕೊಳ್ಳುವವರು ತಿಳಿದಿರಲೇಬೇಕಾದ ಮಾತು. ಮುಂಬೈನ ಪಾಂಚಾಲಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಕಾನೂನಿನಡಿ ತೀರ್ಪು ಕೊಟ್ಟಿತು: ಸ್ಟಿಲ್ಟಿನ ಪಾರ್ಕಿಂಗ್ ಜಾಗ ಫ್ಲ್ಯಾಟೂ ಅಲ್ಲ, ಗ್ಯಾರೇಜೂ ಅಲ್ಲ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ (ರೇರಾ) ಬಯಲು ಪಾರ್ಕಿಂಗ್ ಎಲ್ಲ ನಿವಾಸಿಗಳಿಗೂ ಸೇರಿದ ಸಾಮಾನ್ಯ ಜಾಗ. ಮೂರು ಕಡೆ ಗೋಡೆ, ಮೇಲೆ ಸೂರು ಇದ್ದರೆ ಮಾತ್ರ ಗ್ಯಾರೇಜು.

ಆದ್ದರಿಂದ ಫ್ಲ್ಯಾಟಿಗೆ ಮುಂಗಡ ಕೊಡುವ ಮುನ್ನ ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಇರುವ ಹಾಳೆಯನ್ನು ಕೇಳಿ ಪಡೆಯಿರಿ. ನಿಮಗೆ ತೋರಿಸಿದ ಜಾಗ ಅದರಲ್ಲಿ ಇದೆಯೇ ನೋಡಿ. ಟೇಪು ಹಿಡಿದು ಎರಡು ಕಂಬಗಳ ನಡುವೆ ಅಳೆಯಿರಿ, ಕಾರು ಒಳಬಂದ ಮೇಲೆ ಬಾಗಿಲು ತೆರೆಯುತ್ತದೆಯೇ ಎಂದು ನಿಮ್ಮ ಕಾರನ್ನೇ ತಂದು ನಿಲ್ಲಿಸಿ ನೋಡಿ. ಬಯಲು ಪಾರ್ಕಿಂಗಿಗೆ ಬೇರೆ ಹಣ ಕೇಳಿದರೆ ಕೊಡಬೇಡಿ, ಯಾವ ಕಾನೂನಿನಡಿ ಕೇಳುತ್ತಿದ್ದೀರಿ ಎಂದು ಬರಹದಲ್ಲಿ ಉತ್ತರ ಕೇಳಿ.