9900 ಎಂಎಎಚ್‌ನ 18650 ಸೆಲ್ ಎಲ್ಲೂ ಇಲ್ಲ

ಸಂತೆಯಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ತಲೆಗೆ ಕಟ್ಟುವ ಟಾರ್ಚು ಮಾರುವವನು ಬೆಳಕಿಗಿಂತ ಮೊದಲು ತೋರಿಸುವುದು ಬ್ಯಾಟರಿ ಮೇಲಿನ ಅಂಕಿಯನ್ನು. ‘9900 ಎಂಎಎಚ್ ಸಾರ್, ಎಷ್ಟು ಉರಿಸಿದ್ರೂ ಮುಗಿಯಲ್ಲ.’ ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು ತೋಟಕ್ಕೆ ಹೋಗುವ ರೈತ ಅದನ್ನು ನಂಬಿ ಕೊಳ್ಳುತ್ತಾನೆ. ನಾಲ್ಕು ದಿನಕ್ಕೆ ಬೆಳಕು ಮಂಕಾದರೆ ಟಾರ್ಚಿಗೆ ಬೈಯುತ್ತಾನೆ, ಅಂಕಿಯನ್ನು ಮಾತ್ರ ಅನುಮಾನಿಸುವುದಿಲ್ಲ.

ಆ ಟಾರ್ಚಿನೊಳಗಿರುವುದು 18650 ಲಿಥಿಯಂ ಸೆಲ್. 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. ಎಂಎಎಚ್ ಎಂದರೆ ಮಿಲಿಆಂಪಿಯರ್-ಅವರ್, ಸೆಲ್ಲಿನಲ್ಲಿ ಎಷ್ಟು ಚಾರ್ಜ್ ತುಂಬಿಡಬಹುದು ಎನ್ನುವ ಅಳತೆ. ಹೆಸರಾಂತ ಜಪಾನಿ, ಕೊರಿಯನ್ ಕಂಪನಿಗಳು ಆ ಡಬ್ಬಿಯಲ್ಲಿ ಇಷ್ಟು ವರ್ಷ ಹೆಣಗಿ ತುಂಬಿಸಿರುವುದು ಸುಮಾರು 3500 ಎಂಎಎಚ್. ಅದರ ಮೂರು ಪಟ್ಟು ಹತ್ತಿರದ ಅಂಕಿ ಛಾಪಾಖಾನೆಯ ಸಾಧನೆ, ರಸಾಯನಶಾಸ್ತ್ರದ್ದಲ್ಲ. ಲೆಕ್ಕ ಹಾಕಿ ನೋಡಿ: ಅಸಲಿ ಸೆಲ್‌ನ ತೂಕ 45ರಿಂದ 50 ಗ್ರಾಂ. 9900 ನಿಜವಾಗಿದ್ದರೆ ಅದರಲ್ಲಿ 36 ವ್ಯಾಟ್-ಅವರ್‌ಗೂ ಮೇಲ್ಪಟ್ಟು ಶಕ್ತಿ ಇರಬೇಕು, ಅಸಲಿಯಲ್ಲಿರುವುದು 13ರೊಳಗೆ. ಇಂಥ ಸೆಲ್ ಇದ್ದಿದ್ದರೆ ಇವತ್ತು ನೂರು ಕಿ.ಮೀ. ಓಡುವ ಎಲೆಕ್ಟ್ರಿಕ್ ಸ್ಕೂಟರ್ ಅದೇ ತೂಕದ ಬ್ಯಾಟರಿಯಲ್ಲಿ ಮುನ್ನೂರರ ಹತ್ತಿರ ಓಡುತ್ತಿತ್ತು. ಅಂಥ ಪವಾಡವನ್ನು ಕಂಡುಹಿಡಿದವನು ಅದನ್ನು ಸಂತೆ ಟಾರ್ಚಿಗೆ ಹಾಕಿ ಮಾರುತ್ತಾನೆಯೇ?

ಹೋಗಲಿ, ಟಾರ್ಚು ಮಂಕಾದರೆ ದುಡ್ಡು ಹೋಯಿತು, ಅಷ್ಟೇ. ನನಗೆ ತಲೆ ಕೆಡುವುದು ಇದರ ಬೆನ್ನಿಗೇ ಬರುವ ಇನ್ನೊಂದು ನಂಬಿಕೆಯಿಂದ: ಎಂಎಎಚ್ ಜಾಸ್ತಿ ಇದ್ದರೆ ಸೆಲ್‌ಗೆ ತಾಕತ್ತು ಜಾಸ್ತಿ.

ನಿಜ ಇದಕ್ಕೆ ತದ್ವಿರುದ್ಧ. ಡಬ್ಬಿಯ ಗಾತ್ರ ಬದಲಾಗುವಂತಿಲ್ಲ. ಹೆಚ್ಚು ಎಂಎಎಚ್ ಬೇಕೆಂದರೆ ಒಳಗಿನ ಲೋಹದ ಹಾಳೆಗಳಿಗೆ ರಾಸಾಯನಿಕವನ್ನು ದಪ್ಪಗೆ ಬಳಿಯಬೇಕು. ಹೆಚ್ಚು ಕರೆಂಟ್ ಎಳೆಯಬೇಕೆಂದರೆ ತೆಳ್ಳಗೆ ಬಳಿದು ಲೋಹಕ್ಕೆ ಜಾಗ ಬಿಡಬೇಕು. ಹಾಗಾಗಿ 3500 ಎಂಎಎಚ್‌ನ ಒಳ್ಳೆಯ ಸೆಲ್ ಸತತವಾಗಿ ತಾಳುವುದು 8-10 ಆಂಪಿಯರ್. 2500ರದ್ದು 20 ಆಂಪಿಯರ್ ತಾಳುತ್ತದೆ. ‘3500 ಎಂಎಎಚ್, 35 ಆಂಪಿಯರ್’ ಎಂದು ಎರಡನ್ನೂ ಒಟ್ಟಿಗೆ ಬರೆದಿದ್ದರೆ ಒಂದಾದರೂ ಸುಳ್ಳು.

ಈ ತಪ್ಪು ಪ್ರಾಣಕ್ಕೇ ಎರವಾಗಬಲ್ಲದ್ದು ಅಮೆರಿಕದಂಥಲ್ಲಿ, ಮೆಕ್ಯಾನಿಕಲ್ ಮಾಡ್ ಎನ್ನುವ ಇ-ಸಿಗರೇಟ್‌ಗಳಿರುವ ಕಡೆ. ನಮ್ಮಲ್ಲಿ 2019ರಿಂದ ಇ-ಸಿಗರೇಟಿನ ಮಾರಾಟವೇ ನಿಷಿದ್ಧ, ಒಳ್ಳೆಯದಾಯಿತು. ಆದರೆ ಬ್ಯಾಟರಿ ಪಾಠಕ್ಕೆ ಅದರಷ್ಟು ನಿಷ್ಠುರ ಮೇಷ್ಟ್ರು ಇಲ್ಲ. ಒಂದು ಲೋಹದ ಕೊಳವೆ, ಒಳಗೊಂದು ಸೆಲ್, ಒಂದು ಗುಂಡಿ, ತುದಿಯಲ್ಲಿ ಬಿಸಿಯಾಗುವ ತಂತಿಯ ಸುರುಳಿ, ಅಂದರೆ ಕಾಯಿಲ್. ಮೊಬೈಲಿನಲ್ಲಿ ಹೆಚ್ಚುಕಮ್ಮಿಯಾದರೆ ಕಡಿದುಹಾಕುವ ಸರ್ಕ್ಯೂಟ್ ಇರುತ್ತದೆ. ಇಲ್ಲಿ ಕೊಳವೆಯೇ ಸರ್ಕ್ಯೂಟ್. ಗುಂಡಿ ಒತ್ತಿದರೆ ಓಮ್‌ನ ನಿಯಮ (ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್) ಬಿಟ್ಟರೆ ಬೇರೆ ಕಾವಲಿಲ್ಲ.

ಹೊಸಬ ಎಡವುವುದು ಹೀಗೆ: ಸೆಲ್ ಮೇಲೆ 3.7 ವೋಲ್ಟ್ ಎಂದಿದೆ, ಕಾಯಿಲ್ 0.2 ಓಮ್, ಭಾಗಿಸಿದರೆ 18.5 ಆಂಪಿಯರ್, ನನ್ನದು 20 ಆಂಪಿಯರ್ ಸೆಲ್, ಚಿಂತೆಯಿಲ್ಲ. ಆದರೆ 3.7 ಎನ್ನುವುದು ಸರಾಸರಿ. ಚಾರ್ಜರಿನಿಂದ ಆಗಷ್ಟೇ ತೆಗೆದ ಸೆಲ್‌ನಲ್ಲಿ 4.2 ವೋಲ್ಟ್ ಇರುತ್ತದೆ. ಈಗ ಭಾಗಿಸಿ, 21. ಗೆರೆ ದಾಟಿತು. ಅದೇ ಕಾಯಿಲ್‌ಗೆ ‘ಜಾಸ್ತಿ ಎಂಎಎಚ್, ಜಾಸ್ತಿ ತಾಕತ್ತು’ ಎಂದು 3500ರ ಸೆಲ್ ಹಾಕಿದರೆ ಅದರ ಮಿತಿಯ ದುಪ್ಪಟ್ಟು. ಮಿತಿ ಮೀರಿ ಕರೆಂಟ್ ಎಳೆದರೆ ಸೆಲ್‌ನ ಹೊಟ್ಟೆಯಲ್ಲೂ ಬಿಸಿ ಹುಟ್ಟುತ್ತದೆ; ಒಳಗಿನ ಅನಿಲ ಹೋಗಲು ಕೊಳವೆಯಲ್ಲಿ ದಾರಿ ಸಾಲದಿದ್ದರೆ ಅದು ಬಾಂಬೇ ಸರಿ. 2018ರ ಮೇ ತಿಂಗಳಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಬ್ಬರು ಸಿಡಿದ ಇ-ಸಿಗರೇಟಿನ ಚೂರು ತಲೆಗೆ ಹೊಕ್ಕು ಸತ್ತರು. ಬಿಡಿ 18650 ಸೆಲ್ ಕೊಳ್ಳಲೇಬೇಡಿ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 2021ರಲ್ಲಿ ಎಚ್ಚರಿಸಿತು.

ಬದನೆಕಾಯಿ ಕೊಳ್ಳುವಾಗ ತೊಟ್ಟು ತಿರುಗಿಸಿ ಹುಳುಕು ಹುಡುಕುವ ನಾವು, ಅಚ್ಚಾದ ಅಂಕಿ ಕಂಡರೆ ಕೈಮುಗಿಯುತ್ತೇವೆ. ಪುಟ್ಟ ಸ್ಪೀಕರಿನ ಡಬ್ಬದ ಮೇಲಿನ ಸಾವಿರ ವ್ಯಾಟ್, ಏರ್ ಪ್ಯೂರಿಫೈಯರಿನ ಶೇ. 99.99, ಎಲ್ಲವೂ ನಮಗೆ ವೇದವಾಕ್ಯ. ಅಂಕಿ ದೊಡ್ಡದಾದಷ್ಟೂ ಭಕ್ತಿ ಹೆಚ್ಚು. ಮಾರುವವನಿಗೆ ಇದು ಗೊತ್ತು; ಹೋದ ಸಲ 6800 ಇದ್ದದ್ದು ಈ ಸಲ 9900 ಆಗಿರುವುದು ಅದಕ್ಕೇ. ಅಂಕಿಯನ್ನು ಪರೀಕ್ಷಿಸಲು ಬೇರೆ ಉಪಾಯವಿಲ್ಲದಿದ್ದರೆ ಸೆಲ್ಲನ್ನು ತಕ್ಕಡಿಗೆ ಹಾಕಿ. ಮೂವತ್ತು ಗ್ರಾಂ ತೂಗಿದರೆ ಅದು ನಕಲಿ. ನಲವತ್ತೇಳು ತೂಗಿದರೆ ಅಸಲಿ ಎಂದೇನೂ ಅಲ್ಲ, ತೂಕಕ್ಕೆಂದು ಏನನ್ನಾದರೂ ತುಂಬುವ ಮಹಾನುಭಾವರೂ ಇದ್ದಾರೆ.

ಉಳಿದ ನಂಬಿಕೆಗಳು ಚಿಲ್ಲರೆ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಎನ್ನುವುದು ಹಳೆಯ ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂ ಸೆಲ್‌ಗೆ ಅದು ಕೆಡುಕೇ. ಹೊಸ ಮೊಬೈಲನ್ನು ಎಂಟು ಗಂಟೆ ಚಾರ್ಜಿಗೆ ಹಾಕುವ ವ್ರತಕ್ಕೂ ಫಲವಿಲ್ಲ. 20000 ಎಂಎಎಚ್ ಪವರ್‌ಬ್ಯಾಂಕ್ ಅಷ್ಟನ್ನೂ ಕೊಡಲಿಲ್ಲವೆಂದು ಜಗಳಕ್ಕೆ ಹೋಗಬೇಡಿ: ಆ ಅಂಕಿ 3.7 ವೋಲ್ಟಿನದು, ಹೊರಗೆ ಬರುವುದು 5 ವೋಲ್ಟ್, ನಷ್ಟ ಕಳೆದು 13000 ಸಿಕ್ಕರೆ ಪುಣ್ಯ.

ಇನ್ನು ಸೆಲ್ ಸುತ್ತಿನ ಬಣ್ಣದ ಪ್ಲಾಸ್ಟಿಕ್. ಅದು ಅಲಂಕಾರಕ್ಕೆ ಎಂದುಕೊಂಡು ಹರಿದಿದ್ದರೂ ಬಳಸುವವರಿದ್ದಾರೆ. ಒಳಗಿನ ಉಕ್ಕಿನ ಡಬ್ಬಿ ಪೂರ್ತಿ ಋಣ ಧ್ರುವ, ಮೇಲಿನ ಅಂಚಿನವರೆಗೂ. ಧನ ಧ್ರುವದ ಟೋಪಿಗೂ ಅದಕ್ಕೂ ನಡುವೆ ಒಂದೆರಡು ಮಿ.ಮೀ. ಅಂತರ. ಜೇಬಿನಲ್ಲಿ ಬೀಗದ ಕೈಯೊಂದು ಅಲ್ಲಿ ಅಡ್ಡ ಬಿದ್ದರೆ ಸಾಕು, ಶಾರ್ಟ್ ಸರ್ಕ್ಯೂಟ್.