ಕಡಲಿನ ಸಮರಾಭ್ಯಾಸವೂ ಜನರ ಅಹವಾಲೂ

ಲಕ್ಷ್ಮೇಶ್ವರದಂಥ ಬಯಲುಸೀಮೆಯ ಊರಿಗೂ ಕಡಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮದು ಎರೆಯ ನೆಲ. ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿಗಳ ನಾಡು. ತೆರೆಯ ಸಪ್ಪಳವನ್ನು ಕೇಳದೆಯೇ ಆಯುಷ್ಯವನ್ನು ಕಳೆದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಆದರೂ ನಮ್ಮ ನೆರೆಯ ಮಾಗಡಿ ಕೆರೆಗೂ ಕುಮಟೆಯ ಸಮೀಪದ ಅಘನಾಶಿನಿ ಅಳಿವೆಗೂ 2024ನೆಯ ಇಸವಿಯಲ್ಲಿ ಒಂದೇ ಸಲಕ್ಕೆ ರಾಮಸಾರ್ ಪಟ್ಟಿಯಲ್ಲಿ, ಎಂದರೆ ಜಗತ್ತಿನ ಮಹತ್ವದ ಜಲಪ್ರದೇಶಗಳ ಪಟ್ಟಿಯಲ್ಲಿ, ಸ್ಥಾನ ದೊರೆಯಿತು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು ನಮ್ಮ ಕೆರೆಗೆ ತಂದ ಕೀರ್ತಿಯಿದು. ಕೆರೆಯ ನೀರಿಗೆ ಸಲ್ಲುವ ಮಾತು ಕಡಲ ನೀರಿಗೂ ಸಲ್ಲಬೇಕಲ್ಲವೆ? ಆ ಮಾತನ್ನೇ ಈ ತಿಂಗಳು ಗೃಹಸ್ಥರ ಮುಂದಿಡಲು ಬಯಸುತ್ತೇವೆ.

ಮೊದಲು ನಮ್ಮ ಮನೆಯಂಗಳದ ಅನುಭವವನ್ನೇ ನೆನೆಯೋಣ. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಿನ ಸಾವಿರಾರು ಎಕರೆ ಭೂಮಿಯಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರಖಾನೆಯನ್ನು ಸ್ಥಾಪಿಸಬೇಕೆಂಬ ಯೋಜನೆಯಿತ್ತು. ರೈತರು ಒಪ್ಪಲಿಲ್ಲ. ಗದುಗಿನ ತೋಂಟದಾರ್ಯ ಮಠದ ಶ್ರೀ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು; 2011ನೆಯ ಜುಲೈ ತಿಂಗಳಲ್ಲಿ ಸರಕಾರವು ಭೂಸ್ವಾಧೀನದ ಕಾರ್ಯವನ್ನು ಕೈಬಿಟ್ಟಿತು. ಕಪ್ಪತಗುಡ್ಡದ ಕಥೆಯೂ ಇಂಥದೇ. 2015ರಲ್ಲಿ ಆ ಗುಡ್ಡಕ್ಕೆ ಕೊಟ್ಟ ಸಂರಕ್ಷಣೆಯನ್ನು ಮರುವರ್ಷವೇ ಹಿಂತೆಗೆದುಕೊಳ್ಳಲಾಯಿತು; ಜನರು ಬೀದಿಗಿಳಿದು ಕೇಳಿದ ಮೇಲೆ 2017ರಲ್ಲಿ ಅದು ಮರಳಿ ಬಂದಿತು; 2019ರಲ್ಲಿ ಗುಡ್ಡವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಜನರು ಬಾಯಿ ಬಿಟ್ಟರೆ ಸರಕಾರದ ಕಿವಿಗೆ ಮುಟ್ಟುತ್ತದೆಂಬುದನ್ನು ಗದಗ ಜಿಲ್ಲೆಯು ಕಣ್ಣಾರೆ ಕಂಡಿದೆ.

ಇನ್ನು ಘಟ್ಟವನ್ನಿಳಿದು ಉತ್ತರ ಕನ್ನಡದ ಕರಾವಳಿಯ ಕಡೆಗೆ ದೃಷ್ಟಿ ಹರಿಸೋಣ. ಕಾರವಾರದ ಬಳಿ ‘ಸೀಬರ್ಡ್’ ಎಂಬ ಹೆಸರಿನ ನೌಕಾನೆಲೆಗೆ 1986ರ ಅಕ್ಟೋಬರದಲ್ಲಿ ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲನ್ನಿಟ್ಟರು. 2005ರಲ್ಲಿ ಅದು ನಮ್ಮ ಕನ್ನಡದ ಅರಸುಮನೆತನದ ಹೆಸರನ್ನೇ ಹೊತ್ತು ‘ಐ.ಎನ್.ಎಸ್. ಕದಂಬ’ವಾಗಿ ದೇಶಸೇವೆಗೆ ಸಮರ್ಪಿತವಾಯಿತು. ಅದಕ್ಕಾಗಿ ಸಾವಿರಾರು ಮೀನುಗಾರ ಮತ್ತು ಒಕ್ಕಲಿನ ಕುಟುಂಬಗಳು ಮನೆ, ಗದ್ದೆ, ಬಲೆ ಹಾಸುವ ದಂಡೆಗಳನ್ನು ಬಿಟ್ಟು ಹೋಗಬೇಕಾಯಿತು. ದೇಶಕ್ಕೆ ಬಲವಾದ ನೌಕಾಪಡೆಯು ಅವಶ್ಯವೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆ ಕುಟುಂಬಗಳು ತೆತ್ತ ಬೆಲೆಯನ್ನೂ ಮರೆಯಬಾರದೆಂದಷ್ಟೇ ನಮ್ಮ ಮಾತು.

ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಎಂಬ ಪುಟ್ಟ ನಡುಗಡ್ಡೆಯಿದೆ. ಅದರ ಸುತ್ತಲಿನ ತಿಳಿನೀರಿನಲ್ಲಿ ಹವಳದ ಜೀವಿಗಳು ಬೆಳೆದಿವೆ. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಇಂಥ ನಡುಗಡ್ಡೆಯನ್ನು ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದುಂಟು. ಹವಳವು ಅತಿ ನಿಧಾನವಾಗಿ ಬೆಳೆಯತಕ್ಕ ಜೀವಿ. ಒಡೆದದ್ದು ಒಂದು ಕ್ಷಣದಲ್ಲಾದರೆ ಕೂಡಿಕೊಳ್ಳಲು ದಶಕಗಳು ಬೇಕು. ಪರಿಸರಪ್ರಿಯರು ಆಕ್ಷೇಪಣೆಯೆತ್ತಿದರು. ಆದರೆ ಅವರು ತಮ್ಮ ಆಕ್ಷೇಪಣೆಯನ್ನು ಯಾರೆದುರು, ಯಾವ ಸಭೆಯಲ್ಲಿ ಹೇಳಬೇಕು? ಸಮಸ್ಯೆಯ ಬೇರು ಇಲ್ಲಿಯೇ ಇದೆ.

ನಮ್ಮ ದೇಶದಲ್ಲಿ ದೊಡ್ಡ ಯೋಜನೆಗಳ ಪರಿಸರ ಪರಿಣಾಮವನ್ನು ಮೊದಲೇ ಅಳೆದು ನೋಡಬೇಕೆಂಬ ಅಧಿಸೂಚನೆ 1994ರಲ್ಲಿ ಹೊರಟಿತು. 1997ರಲ್ಲಿ ಅದಕ್ಕೆ ಸಾರ್ವಜನಿಕ ಆಲಿಕೆಯನ್ನು ಸೇರಿಸಲಾಯಿತು. 2006ನೆಯ ಸಪ್ಟಂಬರ 14ರ ಅಧಿಸೂಚನೆಯು ಈ ಪದ್ಧತಿಯನ್ನು ವಿವರವಾಗಿ ಗೊತ್ತುಪಡಿಸಿತು. ಕರಡು ವರದಿಯ ಸಾರಾಂಶವು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಇರತಕ್ಕದ್ದು. ವರ್ತಮಾನಪತ್ರಗಳಲ್ಲಿ ಪ್ರಕಟಣೆ ಕೊಟ್ಟು ಜನರಿಗೆ ಕನಿಷ್ಠ 30 ದಿನಗಳ ಅವಕಾಶವನ್ನೀಯತಕ್ಕದ್ದು. ಸಭೆಯನ್ನು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಏರ್ಪಡಿಸಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿಗಳು ಅದರ ಅಧ್ಯಕ್ಷತೆ ವಹಿಸಬೇಕು. ಜನರಾಡಿದ್ದನ್ನೆಲ್ಲ ಚಿತ್ರೀಕರಿಸಿ, ಸಭೆಯ ಕೊನೆಗೆ ಅದರ ಸಾರವನ್ನು ಸ್ಥಳೀಯ ಭಾಷೆಯಲ್ಲಿಯೇ ಓದಿ ಹೇಳಬೇಕು. ಬರಲಾಗದವರು ಬರೆದು ಕಳಿಸಬಹುದು.

ಇಷ್ಟೆಲ್ಲ ಒಳ್ಳೆಯ ಏರ್ಪಾಡಿನಲ್ಲಿ ಒಂದು ಬಾಗಿಲನ್ನು ಮಾತ್ರ ಮುಚ್ಚಿದ್ದಾರೆ. ದೇಶರಕ್ಷಣೆ ಹಾಗೂ ಭದ್ರತೆಗೆ ಸಂಬಂಧಿಸಿದ ಯೋಜನೆಗಳಿಗೆ ಜನರೊಡನೆ ಸಮಾಲೋಚನೆಯ ಅಗತ್ಯವಿಲ್ಲವೆಂದು ಅದೇ ಅಧಿಸೂಚನೆಯು ಹೇಳುತ್ತದೆ. ಇದು ಕಟ್ಟಡ, ಬಂದರು ಮೊದಲಾದ ಯೋಜನೆಗಳ ಮಾತಾಯಿತು. ಕಡಲಿನಲ್ಲಿ ನಡೆಯುವ ಸಮರಾಭ್ಯಾಸವಂತೂ ಪರೀಕ್ಷೆಗೊಳಪಡುವ ಕಾರ್ಯಗಳ ಪಟ್ಟಿಯಲ್ಲಿಯೇ ಇಲ್ಲ.

ಅಭ್ಯಾಸದಿಂದ ಅಂಥ ಹಾನಿಯೇನಾದೀತೆಂದು ಕೇಳಬಹುದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗಿದರೆ ನೀರಿನಲ್ಲಿ ಸುಮಾರು 1,500 ಮೀಟರು ಸಾಗುತ್ತದೆ. ತಿಮಿಂಗಿಲ, ಹಂದಿಮೀನುಗಳಿಗೆ ಕತ್ತಲಿನ ಕಡಲಿನಲ್ಲಿ ಕಿವಿಯೇ ಕಣ್ಣು. ಜಲಾಂತರ್ಗಾಮಿ ನೌಕೆಗಳನ್ನು ಪತ್ತೆಹಚ್ಚಲು ಹಡಗುಗಳು ಬಿಡುವ ‘ಸೋನಾರ್’ ಎಂಬ ತೀವ್ರ ನಾದವು ಅವುಗಳಿಗೆ ದಿಕ್ಕುಗೆಡಿಸಬಲ್ಲದು. 2000ನೆಯ ಮಾರ್ಚಿಯಲ್ಲಿ ಬಹಾಮಾ ದ್ವೀಪಗಳ ದಂಡೆಗೆ ಇಂಥ 17 ಪ್ರಾಣಿಗಳು ಬಂದು ಬಿದ್ದವು. ಅಮೇರಿಕೆಯ ನೌಕಾಪಡೆಯೇ ಪಾಲ್ಗೊಂಡು ಸಿದ್ಧಪಡಿಸಿದ ವರದಿಯು, ತನ್ನ ಹಡಗುಗಳ ಸೋನಾರ್ ಇದಕ್ಕೆ ಕಾರಣವಾಗಿರುವ ಸಂಭವವೇ ಹೆಚ್ಚೆಂದು 2001ರಲ್ಲಿ ಒಪ್ಪಿಕೊಂಡಿತು.

ಆ ದೇಶದಲ್ಲಿ 1970ರಿಂದ ಜಾರಿಗೆ ಬಂದ ಪರಿಸರ ಕಾಯಿದೆಯ ಮೇರೆಗೆ ನೌಕಾಪಡೆಯು ತನ್ನ ಕಡಲ ಅಭ್ಯಾಸದ ಬಗ್ಗೆಯೂ ಕರಡು ವರದಿಗಳನ್ನು ಹೊರಡಿಸಿ, ಕರಾವಳಿಯ ಊರುಗಳಲ್ಲಿ ಸಭೆ ಕರೆದು, ಜನರ ಅಭಿಪ್ರಾಯವನ್ನು ಬರಹದಲ್ಲಿ ಪಡೆದದ್ದುಂಟು. ಅಲ್ಲಿಯೂ ಜನರೇ ಯಾವಾಗಲೂ ಗೆದ್ದರೆಂದಲ್ಲ. 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅಭ್ಯಾಸದ ಅವಶ್ಯಕತೆಯೇ ಹಿರಿದೆಂದು ನೌಕಾಪಡೆಯ ಪರವಾಗಿ ತೀರ್ಪಿತ್ತಿತು. ಆದರೆ 2015ರಲ್ಲಿ, ಇನ್ನೊಂದು ಮೊಕದ್ದಮೆಯಲ್ಲಿ, ಹವಾಯಿ ಹಾಗೂ ದಕ್ಷಿಣ ಕ್ಯಾಲಿಫೋರ್ನಿಯಾದ ಕೆಲವು ನಿರ್ದಿಷ್ಟ ಜಲಭಾಗಗಳಲ್ಲಿ ಸೋನಾರ್ ಮತ್ತು ಸ್ಫೋಟಕಗಳ ಬಳಕೆಯನ್ನು ಮಿತಿಗೊಳಿಸಲು ನೌಕಾಪಡೆಯು ರಾಜಿಯಿಂದ ಒಪ್ಪಿತು. ಅಭ್ಯಾಸವೂ ನಡೆಯಿತು, ತಿಮಿಂಗಿಲಗಳಿಗೆ ಒಂದಿಷ್ಟು ನೆಮ್ಮದಿಯ ನೀರೂ ಉಳಿಯಿತು.

ಹಾಗಾದರೆ ನಾವು ಬೇಡುವುದೇನು? ಯುದ್ಧನೌಕೆಯ ಗುಟ್ಟನ್ನು ಹಾದಿಬೀದಿಯಲ್ಲಿ ಸಾರಬೇಕೆಂದು ಯಾವ ದೇಶಭಕ್ತನೂ ಹೇಳಲಾರನು. ನಮ್ಮ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ. ಅವರು ಚೆನ್ನಾಗಿ ಪಳಗಿದಷ್ಟೂ ತಾಯಂದಿರಿಗೆ ನಿಶ್ಚಿಂತೆ. ಆದರೆ ಹವಳವಿರುವ ಜಾಗ, ಆಮೆ ಮೊಟ್ಟೆಯಿಡುವ ತಿಂಗಳು, ಮೀನುಗಾರನು ಬಲೆ ಬೀಸುವ ಪಾತಳಿ, ಇವು ಯಾವ ಶತ್ರುವಿಗೂ ಮುಚ್ಚಿಡಬೇಕಾದ ರಹಸ್ಯಗಳಲ್ಲ. ಗುಟ್ಟಾದುದನ್ನು ಗುಟ್ಟಾಗಿಯೇ ಇಟ್ಟು, ಅಭ್ಯಾಸಕ್ಕೆ ಯಾವ ಸ್ಥಳ, ಯಾವ ಕಾಲ ಯೋಗ್ಯವೆಂಬಷ್ಟನ್ನಾದರೂ ಕರಾವಳಿಯ ಜನರನ್ನು ಕೇಳಿ ನಿರ್ಧರಿಸಬಹುದು. ಕಡಲನ್ನು ತಲೆಮಾರುಗಳಿಂದ ಬಲ್ಲ ಮೀನುಗಾರನ ತಿಳಿವಳಿಕೆಯಿಂದ ನೌಕಾಪಡೆಗೆ ಲಾಭವೇ ಹೊರತು ನಷ್ಟವಿಲ್ಲ.

ಕೇಳುವುದೆಂದರೆ ತಿಳಿಯುವ ಭಾಷೆಯಲ್ಲಿ ಕೇಳಬೇಕು. ಆದಿಕವಿ ಪಂಪನು ತನ್ನ ಕಾವ್ಯದ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಂಥ ಊರಿನವರಾದ ನಾವು ಈ ವಿಷಯದಲ್ಲಿ ಸುಮ್ಮನಿರಲಾಗದು. 2020ರಲ್ಲಿ ಪರಿಸರ ಪರೀಕ್ಷೆಯ ಹೊಸ ಕರಡು ಅಧಿಸೂಚನೆಯು ಹೊರಟಾಗ, ಅದನ್ನು ಸಂವಿಧಾನದ ಎಂಟನೆಯ ಪರಿಶಿಷ್ಟದ 22 ಭಾಷೆಗಳಿಗೂ ಅನುವಾದಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಅದೇ ಅಗಸ್ಟದಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅಂತಿಮ ಅಧಿಸೂಚನೆಯ ಪ್ರಕಟಣೆಯನ್ನು ತಡೆಹಿಡಿಯಿತು. ಓದಲು ಬಾರದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕೇಳದೆ ಇದ್ದಂತೆಯೇ ಸರಿ.

ತೆರೆದಿರುವ ಬಾಗಿಲುಗಳನ್ನಾದರೂ ನಾವು ಸರಿಯಾಗಿ ಉಪಯೋಗಿಸಿಕೊಳ್ಳುತ್ತಿದ್ದೇವೆಯೆ? ವರ್ತಮಾನಪತ್ರದ ಮೂಲೆಯ ಪ್ರಕಟಣೆಯನ್ನು ನಾವು ಓದುವುದಿಲ್ಲ. ಸಾರಾಂಶವನ್ನು ತರಿಸಿ ನೋಡುವುದಿಲ್ಲ. ಸಭೆಯ ದಿನ ಮಾತ್ರ ಹೋಗಿ ಕೂಗಾಡಿ ಬರುತ್ತೇವೆ. ಮನೆಯಲ್ಲಿ ಓದಬಲ್ಲ ಒಬ್ಬ ಮಗನೋ ಮಗಳೋ ಸೊಸೆಯೋ ಆ ಸಾರಾಂಶವನ್ನು ಹಿರಿಯರಿಗೆ ಓದಿ ಹೇಳಲಿ; ಎರಡು ಸಾಲಾದರೂ ಬರೆದು ಸಹಿ ಮಾಡಿ ಕಳಿಸಲಿ. ಅನುಮತಿಯಿಂದ ಅನ್ಯಾಯವಾಯಿತೆಂದು ಕಂಡರೆ 30 ದಿನಗಳೊಳಗಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 2010ರ ಕಾಯಿದೆಯು ಅವಕಾಶವಿತ್ತಿದೆ. ತೆರೆದ ಬಾಗಿಲಿನಲ್ಲಿ ಓಡಾಡುವವರಿದ್ದರೆ ಮುಚ್ಚಿದ ಬಾಗಿಲೂ ಒಂದು ದಿನ ತೆರೆದೀತು.

ಮಾಗಡಿಯ ಕೆರೆಗೆ ಬರುವ ಹಕ್ಕಿ ಯಾರ ಅಪ್ಪಣೆಯನ್ನೂ ಕೇಳಿ ಬರುವುದಿಲ್ಲ, ನೀರು ಕೆಟ್ಟರೆ ಯಾರಿಗೂ ದೂರಿ ಹೋಗುವುದಿಲ್ಲ, ಬರುವುದನ್ನೇ ಬಿಡುತ್ತದೆ. ನೇತ್ರಾಣಿಯ ಹವಳಕ್ಕಂತೂ ಹೋಗಲು ಬೇರೆ ಕಡಲಿಲ್ಲ. ಅವುಗಳ ಪರವಾಗಿ ಮಾತಾಡುವ ಭಾರವು ಘಟ್ಟದ ಕೆಳಗಿನವರಷ್ಟೇ ಮೇಲಿನವರದೂ ಆಗಿದೆಯೆಂದು ನಾವು ನಂಬುತ್ತೇವೆ.